ಕರುವಿಗೆ ಬಿಟ್ಟ ಮೊಲೆ

ಬಚ್ಚಲ ಒಲೆಗೆ ತೆಂಗಿನ ಮಟ್ಟೆ ತುರುಕಿ ಬೆಂಕಿ ಹಚ್ಚುವುದು. ಅದು ಹತ್ತಿಕೊಳ್ಳುವಷ್ಟರಲ್ಲಿ ಕೊಟ್ಟಿಗೆಗೆ ಹೋಗಿ ರಾತ್ರಿಯ ಸಗಣಿ ಬಾಚಿ, ಮಂಕರಿಗೆ ತುಂಬಿ, ತಲೆಯ ಮೇಲಿಟ್ಟುಕೊಂಡು ತಿಪ್ಪೆಗೆ ಸುರಿಯುವುದು. ಬೀದಿಯ ತೊಂಬೆಯಿಂದ ನೀರು ಹೊತ್ತು ತಂದು ಗಂಜಲ ನಿಂತ ಕಡೆ ಹೊಯ್ದು ಕಡ್ಡಿಪೊರಕೆಯಲ್ಲಿ ಉಜ್ಜುವುದು. ಮತ್ತೆ ನೀರು, ಹಸುಗಳು ಕುಡಿಯುವುದಕ್ಕೆ. ಮತ್ತೆ ನೀರು, ಅವುಗಳ ಮೈ ತೊಳೆಯುವುದಕ್ಕೆ. ಹಿಂದಿನ ಸಂಜೆ ಗದ್ದೆಯ ಬದುವಿನಿಂದ ತಂದ ಸೀಮೆಹುಲ್ಲನ್ನು ಕುಕ್ಕರುಗಾಲಿನಲ್ಲಿ ಕುಳಿತು ಮಚ್ಚಿನಿಂದ ತುಂಡು ಮಾಡುವುದು, ಉದ್ದಕ್ಕೇ ಹಾಕಿದರೆ ಹಸು ಎಲೆ ತಿಂದು ದಂಟು ತುಳಿದು ಹಾಕುತ್ತದೆ. ಬೂಸಾ ಕಲಸಿ ಇಡುವುದು. ಕೆಚ್ಚಲು ತೊಳೆದು ಹಾಲು ಕರೆಯುವುದು. ಬಾಗಿಲಿಗೆ ನೀರು ಹಾಕಿ ಎರಡೆಳೆ ರಂಗೋಲೆ ಬಿಡುವುದು. ಕಾಫಿಗೆ ಇಡುವುದು. ಅದು ಉಕ್ಕುವ ಹೊತ್ತಿಗೆ ಗಂಡನನ್ನು ಎಬ್ಬಿಸುವುದು. ಇದು ಒಂದು ಸಲಕ್ಕೆ ಮುಗಿಯುವ ಕೆಲಸವಲ್ಲ.

ಇಷ್ಟಾದ ಮೇಲೆ ಪೂರಿಗಾಲಿಯಲ್ಲಿ ಬೆಳಗಾಗುತ್ತಿತ್ತು.

ಪುಟ್ಟಸ್ವಾಮಿ ಕಾಫಿ ಕುಡಿದು, ತಲೆಗೆ ಟವಲು ಸುತ್ತಿ, ಹಾಲಿನ ಕ್ಯಾನನ್ನು ಬೈಕಿನ ಮುಂದಿಟ್ಟುಕೊಂಡು ಡೇರಿಗೆ ಹೋಗುತ್ತಿದ್ದ. ಡೇರಿ ಇದ್ದದ್ದು ಮುಂದಿನ ಬೀದಿಯಲ್ಲಿ. ಅಲ್ಲಿ ಸಾಲಿನಲ್ಲಿ ನಿಂತು, ಹಾಲು ಅಳೆಸಿ, ನಾಲ್ಕು ಜನರ ಹತ್ತಿರ ಊರಿನ ಸಮಾಚಾರ ಮಾತಾಡಿ ಬರುತ್ತಿದ್ದ. ಆದ್ದರಿಂದ ಊರಿನಲ್ಲಿ ಯಾರನ್ನು ಕೇಳಿದರೂ ಅದು ಪುಟ್ಟಸ್ವಾಮಿಯ ಹಾಲು. ‘ಪುಟ್ಟಸ್ವಾಮಿ ಆಲು ಅಂದ್ರೆ ಗಟ್ಟಿ ಕಣಪ್ಪ, ನೀರ್ ಮುಟ್ಟುಸಕ್ಕಿಲ್ಲ ಅವ್ನು’ ಅನ್ನುತ್ತಿದ್ದರು. ಅವನು ನೀರು ಮುಟ್ಟಿಸುತ್ತಿರಲಿಲ್ಲ ಎನ್ನುವುದು ನಿಜ. ಅವನು ಹಾಲನ್ನೂ ಮುಟ್ಟುತ್ತಿರಲಿಲ್ಲ.

ಅವನ ಹೆಂಡತಿ ಮಲ್ಲಿಗಮ್ಮ ದುದ್ದದ ಕಡೆಯ ಹೆಣ್ಣು. ಮದುವೆಯಾಗಿ ಬಂದ ಮಾರನೆಯ ದಿನ ಅವಳ ಹಿಂದೆಯೇ ತವರಿನವರು ಒಂದು ಹಸುವನ್ನು ಟೆಂಪೋದಲ್ಲಿ ಕಳಿಸಿದ್ದರು. ಬಳುವಳಿಯ ಹಸು. ಬಳುವಳಿಯಾಗಿ ಬಂದ ದನ, ಅದು ಹಾಕಿದ ಕರು, ಆ ಕರು ಹಾಕಿದ ಕರು ಎಲ್ಲವೂ ಹೆಣ್ಣಿನದೇ ಎಂದು ಹಿರಿಯರು ಹೇಳುತ್ತಿದ್ದರು. ಹೇಳುವುದಕ್ಕೆ ಯಾರದೂ ಅಡ್ಡಿ ಇರಲಿಲ್ಲ.

ಮೊದಲನೆಯ ದಿನ ಅವಳು ಹಾಲು ಕರೆಯಲು ಕುಳಿತಾಗ ಅತ್ತೆ ಬಂದು ಪಕ್ಕದಲ್ಲಿ ನಿಂತಿದ್ದರು. ಮೂರು ಮೊಲೆ ಕರೆದು ನಾಲ್ಕನೆಯದಕ್ಕೆ ಕೈ ಹಾಕಿದಳು. ಅತ್ತೆ ಕೈ ಮೇಲೆ ಮೆಲ್ಲಗೆ ಒಂದು ಏಟು ಹಾಕಿದರು.

“ಅದು ನಿಂದಲ್ಲ. ಕರೀದು.”

“ಕರ ಆಗ್ಲೇ ಕುಡೀತಲ್ಲ ಅತ್ತೆ, ಆಲು ಇಳೀಲಿ ಅಂತ ಸೊರೆ ಬುಡುಸ್ವಾಗ.”

“ಅದು ಬಾಯಾರಿಕೆಗೆ. ಇದು ಬೆಳಿಯಕ್ಕೆ. ಮೂರು ಮನೆಗೆ, ಒಂದು ಕರೀಗೆ. ಅದೂ ಹಿಂದ್ಗಡೆದು, ಎಡಗಡೆದು. ಮುಂದಿನ್ವು ಆಲು ಕಮ್ಮಿ. ಕೊಡಾದ್ರೆ ಚೆಂದಾಗಿರೋದ ಕೊಡ್ಬೇಕು. ನಾಕೂ ಕರಕಂಡ್ರೆ ಇವತ್ತು ಉಂಡಂಗಾಯ್ತದೆ. ಮೂರೊರ್ಸಕ್ಕೆ ಕೊಟ್ಟಿಗೆ ಬರಿದಾಯ್ತದೆ.”

ಅತ್ತೆ ಹೋಗಿ ಬಹಳ ಕಾಲವಾಯಿತು. ಹಸುಗಳ ತಲೆಮಾರುಗಳು ಬದಲಾದವು. ನಾಟಿ ಹಸು ಹೋಗಿ ಸೀಮೆ ಹಸು ಬಂತು. ಕಂಚಿನ ತಂಬಿಗೆ ಹೋಗಿ ಸ್ಟೀಲಿನ ಬಕೆಟ್ಟು ಬಂತು. ಹಿಂದಿನ ಎಡಗಡೆಯ ಮೊಲೆಯನ್ನು ಮಾತ್ರ ಮಲ್ಲಿಗಮ್ಮ ಒಂದು ದಿನವೂ ಮುಟ್ಟಲಿಲ್ಲ. ಮಗ ನಾಗರಾಜು ಹಾಲಿಗಾಗಿ ಅತ್ತ ದಿನವೂ ಮುಟ್ಟಲಿಲ್ಲ, ಅವನಿಗೆ ರಾಗಿ ಸರಿ ಮಾಡಿ ತಿನ್ನಿಸಿದ್ದಳು. ಅವಳ ಕರುಗಳು ಊರಿನ ಬೇರೆ ಕರುಗಳಂತೆ ಹೊಟ್ಟೆ ಊದಿ, ಕೂದಲು ಕೆದರಿಕೊಂಡು ನಿಲ್ಲುತ್ತಿರಲಿಲ್ಲ. ಮೈ ಮಿರಮಿರ ಎನ್ನುತ್ತಿತ್ತು. ಬೇಗ ಕಡಸಾಗಿ ಬೇಗ ಗಬ್ಬ ಕಟ್ಟುತ್ತಿದ್ದವು.

ಕಟ್ಟಿದವು ಮನೆಯಲ್ಲಿ ಉಳಿಯುತ್ತಿರಲಿಲ್ಲ. ಮೊದಲನೆಯ ಕಡಸು ಗದ್ದೆಯ ಮೋಟರಾಯಿತು. ಅದರ ಮೇಲೆ ಮಲ್ಲಿಗಮ್ಮನಿಗೆ ಸಿಟ್ಟಿರಲಿಲ್ಲ. ನಾಲೆಯ ನೀರು ಕೊನೆಯ ಗದ್ದೆಗಳಿಗೆ ಬರುವಷ್ಟರಲ್ಲಿ ಸೋತು ಮಲಗುತ್ತಿತ್ತು, ಮೋಟರು ಬಂದ ಮೇಲೆ ಬದುವಿನಲ್ಲಿ ಹುಲ್ಲಾದರೂ ಹಸಿರಾಗಿ ನಿಂತಿತು. ಎರಡನೆಯದು ನಾಗರಾಜುವಿನ ಬೈಕಾಯಿತು. ಮೂರನೆಯದು ಮನೆಯ ತಾರಸಿಯಾಯಿತು. ತಾರಸಿ ಮನೆಯ ಮುಂದಿನ ಭಾಗಕ್ಕೆ ಬಂತು, ಅಡುಗೆಮನೆಗೆ ಬರುವಷ್ಟರಲ್ಲಿ ಸಿಮೆಂಟು ಮುಗಿದಿತ್ತು. ಅಡುಗೆಮನೆಯ ಮೇಲೆ ಇವತ್ತಿಗೂ ಶೀಟು.

ಆ ಕಡೆ ದನ ಮಾರುವುದಕ್ಕೆ ಒಂದು ಕ್ರಮವಿದೆ. ಹಗ್ಗವನ್ನು ಬಿಚ್ಚಿ ಕೊಡಬೇಕಾದದ್ದು ಮನೆಯ ಹೆಂಗಸು, ಮತ್ತು ಹಗ್ಗ ಕೊಟ್ಟ ಕೈಗೇ ದುಡ್ಡು ಬೀಳಬೇಕು. ಬೇರೆ ಕೈಗೆ ಬಿದ್ದರೆ ದನ ಹೋದ ಮನೆಯಲ್ಲಿ ನಿಲ್ಲುವುದಿಲ್ಲ, ಒದೆಯುತ್ತದೆ, ಸೊರೆ ಬಿಡುವುದಿಲ್ಲ ಎಂದು ಕೊಡುವವರೂ ಕೊಳ್ಳುವವರೂ ನಂಬಿದ್ದರು. ಗಂಡಸರು ಎಷ್ಟೇ ವ್ಯಾಪಾರ ಮಾತಾಡಿಕೊಳ್ಳಲಿ, ಕೊನೆಗೆ ಆ ಒಂದು ಗಳಿಗೆಗೆ ಹೆಂಗಸನ್ನು ಕರೆಯಲೇಬೇಕು. ಮೂರು ಸಲವೂ ಮಲ್ಲಿಗಮ್ಮ ಸೆರಗು ಹೊದ್ದು ಬಂದು, ಹಗ್ಗ ಬಿಚ್ಚಿ ಕೊಟ್ಟು, ಅಂಗೈ ಮೇಲೆ ಬಿದ್ದ ನೋಟಿನ ಕಟ್ಟನ್ನು ಕಣ್ಣಿಗೊತ್ತಿಕೊಂಡು ಗಂಡನಿಗೆ ದಾಟಿಸಿದ್ದಳು. ಕಣ್ಣಿಗೊತ್ತಿಕೊಳ್ಳುವಷ್ಟು ಹೊತ್ತು ಅದು ಅವಳದು.

ಈಗ ಕೊಟ್ಟಿಗೆಯಲ್ಲಿ ಇದ್ದದ್ದು ಮೂರು. ಹಾಲು ಕೊಡುವ ಕೆಂಪಿ, ಅವಳ ಹಿರಿಯ ಮಗಳು ಗಂಗೆ, ಮತ್ತು ಇನ್ನೂ ಹಾಲು ಕುಡಿಯುವ ಹೆಣ್ಣುಗರು ಪುಟ್ಟಿ. ಗಂಗೆ ಚೊಚ್ಚಲ ಗಬ್ಬ, ಇನ್ನೇನು ಹಬ್ಬ ಕಳೆದರೆ ಕರು ಹಾಕುತ್ತಿದ್ದಳು. ಅಗಲವಾದ ಬೆನ್ನು, ತುಂಬಿಕೊಂಡು ಬರುತ್ತಿದ್ದ ಕೆಚ್ಚಲು. ಮಲ್ಲಿಗಮ್ಮ ಹತ್ತಿರ ಹೋದರೆ ನಾಲಗೆಯಿಂದ ಅವಳ ಮೊಳಕೈ ನೆಕ್ಕುತ್ತಿತ್ತು. ಇದನ್ನು ಮಾತ್ರ ಕೊಡುವುದಿಲ್ಲ ಎಂದು ಮಲ್ಲಿಗಮ್ಮ ಮನಸ್ಸಿನಲ್ಲಿ ಗಂಟು ಹಾಕಿಕೊಂಡಿದ್ದಳು.

ಪುಟ್ಟಸ್ವಾಮಿಯ ಮನಸ್ಸಿನಲ್ಲಿ ಗೇಟು ಇತ್ತು.

“ಶಿವಯ್ಯನ ಮನೆ ಗೇಟು ನೋಡ್ದಾ ಅಮ್ಮಿ?” ಒಂದು ಸಂಜೆ ಜಗಲಿಯ ಮೇಲೆ ಕುಳಿತು, ಎದುರು ಮನೆಯ ಕಡೆ ಗದ್ದ ಎತ್ತಿ ತೋರಿಸಿದ. “ಪೂರ್ತಿ ಸ್ಟೀಲು. ಮೇಲೆ ಎರಡು ಕುದ್ರೆ ತಲೆ ಮಡಗ್ಸವ್ನೆ. ಒತ್ತುಟ್ಟೊತ್ಗೆ ಕಣ್ಣು ಬುಡಕಾಗಕ್ಕಿಲ್ಲ, ಅಂಗೆ ಒಳೀತದೆ.”

“ಕುದ್ರೆ ತಲೆ ಆಲು ಕೊಟ್ಟಾವಾ?” ಮಲ್ಲಿಗಮ್ಮ ಹುಲ್ಲು ಕತ್ತರಿಸುತ್ತಲೇ ಕೇಳಿದಳು.

“ನಿಂಗೆ ಯಾವಾಗ್ಲೂ ಆಲಿನ್ ಮಾತೇ. ಮರ್ವಾದೆ ಅನ್ನಾದು ಒಂದದೆ.”

“ಅದ್ನ ಶಿವಯ್ಯ ಗೇಟ್‌ಗೆ ಕಟ್ಟಾಕಂಡವ್ನಾ?”

ಒಳಗಿನಿಂದ ಸೊಸೆ ದೀಪಿಕ, ಹೊರಗಿನ ಊರಿನಲ್ಲಿ ಕೆಲಸಕ್ಕಿದ್ದ ನಾಗರಾಜುವಿನ ಹೆಂಡತಿ, ಕಿಸಕ್ಕನೆ ನಕ್ಕದ್ದು ಕೇಳಿಸಿತು. ಪುಟ್ಟಸ್ವಾಮಿ ಟವಲನ್ನು ಹೆಗಲಿನಿಂದ ತೆಗೆದು ಕೊಡವಿದ. “ನಗ್ರವ್ವ, ಅತ್ತೆ ಸೊಸೆ ಇಬ್ರೂ ನಗ್ರಿ. ದುದ್ದದ ಶಿವರಾಮುಗೆ ಮಾತು ಕೊಟ್ಟಾಗದೆ. ನಿಮ್ಮೂರ್ ಕಡೆಯವ್ನೆ. ಗಂಗೇನ ಒಡ್ಕಂಡೋಯ್ತಾನೆ.”

ಮಚ್ಚು ನಿಂತಿತು. “ಯಾರ್ನ ಕೇಳಿ ಮಾತ್ ಕೊಟ್ರಿ?”

“ಮನೇಲಿ ನಾನಿಲ್ವಾ?”

“ನೀವಿದ್ದೀರಿ. ಗಂಗೆ ನಂದಲ್ವಾ?”

“ನಿಂದೇ ಕಣಮ್ಮಿ, ಯಾರ್ ಇಲ್ಲಾ ಅಂದ್ರು? ನೀನು ಯಾರ್ದು, ಅದ ಯೋಳು” ಎಂದು ಪುಟ್ಟಸ್ವಾಮಿ ತಾನೇ ಹೇಳಿದ್ದಕ್ಕೆ ತಾನೇ ನಕ್ಕು, ಎದ್ದು ಹೋದ. ಒಳ್ಳೆಯ ಮನುಷ್ಯನೇ. ಕುಡಿಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ಮನೆ ಅವನ ಕಣ್ಣಿಗೆ ಯಾವಾಗಲೂ ಬೀದಿಯ ಕಡೆಯಿಂದ ಕಾಣುತ್ತಿತ್ತು, ಅಷ್ಟೆ.

ಅಂದು ಮಲ್ಲಿಗಮ್ಮ ಕುಳಿತಲ್ಲಿಂದ ಏಳಲು ಹೋದಳು, ಏಳಲಾಗಲಿಲ್ಲ. ಮಂಡಿ ಕೆಲವು ದಿನಗಳಿಂದ ಕಟಕಟ ಎನ್ನುತ್ತಿತ್ತು. ಈಗ ಮಡಿಸಿದ್ದು ಮಡಿಸಿದಂತೆಯೇ ನಿಂತುಬಿಟ್ಟಿತು. ದೀಪಿಕ ಬಂದು ಕಂಕುಳಿಗೆ ಕೈ ಕೊಟ್ಟು ಎತ್ತಬೇಕಾಯಿತು.

ಮಂಡ್ಯದಲ್ಲಿ ಮಲ್ಲಿಗಮ್ಮನ ಅಕ್ಕನ ಮನೆ. ಆಸ್ಪತ್ರೆಗೆ ತೋರಿಸಿಕೊಂಡು, ಔಷಧಿ ಮುಗಿಯುವವರೆಗೆ ಅಲ್ಲಿಯೇ ಇರುವುದೆಂದಾಯಿತು. ಡಾಕ್ಟರು ಎಕ್ಸರೇ ಹಿಡಿದು ನೋಡಿ, “ಇನ್ನು ಕುಕ್ಕರುಗಾಲಲ್ಲಿ ಕೂರಬೇಡಮ್ಮ, ಭಾರ ಹೊರಬೇಡ” ಎಂದರು. ಮಲ್ಲಿಗಮ್ಮ ತಲೆಯಾಡಿಸಿದಳು. ಅದೆರಡು ಬಿಟ್ಟರೆ ಉಳಿಯುವ ಕೆಲಸ ಯಾವುದು ಎಂದು ಹೊರಗೆ ಬಂದ ಮೇಲೆ ಯೋಚಿಸಿದಳು. ಹಾಲು ಕಾಯಿಸುವುದು ಒಂದು ನೆನಪಿಗೆ ಬಂತು.

ಅಕ್ಕನ ಮಗಳು ಅಮೃತ ಬಿ.ಎ. ಓದುತ್ತಿದ್ದಳು. ಪರೀಕ್ಷೆ ಹತ್ತಿರವಾಗಿತ್ತು. ಗಟ್ಟಿಯಾಗಿ ಓದಿ, ಗೋಡೆಗೆ ಪಾಠ ಹೇಳಿ ಕಲಿಯುವ ಹುಡುಗಿ. ಗೋಡೆಯ ಪಕ್ಕದ ಮಂಚದಲ್ಲಿ ಚಿಕ್ಕಮ್ಮ ಕಾಲು ಚಾಚಿ ಕುಳಿತಿದ್ದರಿಂದ ಪಾಠ ಚಿಕ್ಕಮ್ಮನ ಕಡೆ ತಿರುಗಿತು.

“ಒಂದು ಸಣ್ಣ ದೇಶ ಅಂತ ಇಟ್ಕೋ ಚಿಕ್ಕಮ್ಮ. ಒಂದು ವರ್ಷದಲ್ಲಿ ಅವರು ಬೆಳೆದದ್ದು, ಮಾಡಿದ್ದು ಎಲ್ಲಾನೂ ಕೂಡಿಸಿದ್ರೆ ನೂರು. ಅದರಲ್ಲಿ ತಿಂದಿದ್ದು ಉಟ್ಟಿದ್ದು ಬಿಟ್ಟು, ನಾಳೆ ದುಡಿಯೋ ವಸ್ತುವಿಗೆ ಎಷ್ಟು ಪಾಲು ಹಾಕಿದ್ರು ಅಂತ ನೋಡ್ತಾರೆ. ಯಂತ್ರ, ರಸ್ತೆ, ನಾಲೆ, ಅಂಥವು. ಅದು ಬಂಡವಾಳ ಹೂಡಿಕೆ.”

“ನಾಳೆ ದುಡಿಯಾದ್ಕೆ.”

“ಹ್ಞೂಂ. ಆ ಪಾಲು ಕಮ್ಮಿ ಆಯ್ತು ಅಂತಿಟ್ಕೋ. ಮೊದಲು ಗೊತ್ತೇ ಆಗಲ್ಲ. ಕೈಗೆ ಜಾಸ್ತಿ ಬಂದಂಗೇ ಕಾಣುತ್ತೆ, ಎಲ್ಲಾರೂ ಖುಷಿಯಾಗಿರ್ತಾರೆ. ಆಮೇಲೆ ಕುಸಿಯುತ್ತೆ.”

“ನಮ್ಮತ್ತೆ ಯೋಳಿದ್ದೂ ಅದ್ನೇ” ಎಂದಳು ಮಲ್ಲಿಗಮ್ಮ. “ನಮ್ಮನೇಲಿ ನಾಕ್ರಲ್ಲಿ ಒಂದು.”

ಹಿಂದಿನ ಎಡಗಡೆಯ ಮೊಲೆಯ ಕಥೆ ಕೇಳಿ ಅಮೃತ ಪುಸ್ತಕವನ್ನು ಎದೆಗೆ ಅವುಚಿಕೊಂಡು ನಕ್ಕಳು. “ನೂರಕ್ಕೆ ಇಪ್ಪತ್ತೈದು! ನಿಮ್ಮ ಕೊಟ್ಟಿಗೆ ಒಳ್ಳೆ ದೇಶ ಕಣೇ ಚಿಕ್ಕಮ್ಮ. ಇರು, ಇನ್ನೂ ಒಂದಿದೆ. ಸವಕಳಿ ಕಳೀಬೇಕು.”

“ಅದೇನು?”

“ಯಂತ್ರ ಓಡಿ ಓಡಿ ಸವೆಯುತ್ತಲ್ಲ? ಸವೆದದ್ದನ್ನ ಸರಿಮಾಡೋಕೆ ಅಂತ ಒಂದಿಷ್ಟು ತೆಗೆದಿಡಬೇಕು. ತೆಗೆದಿಡದೆ ಹೊಸದನ್ನೇ ತರ್ತಾ ಇದ್ರೆ ಲೆಕ್ಕದಲ್ಲಿ ಬೆಳೆದಂಗೆ ಕಾಣುತ್ತೆ, ಒಳಗೆ ಲಡ್ಡು ಹಿಡಿದಿರುತ್ತೆ.”

ಮಲ್ಲಿಗಮ್ಮ ತಲೆದೆಸೆಯಲ್ಲಿದ್ದ ಎಕ್ಸರೇ ಲಕೋಟೆಯನ್ನು ಎಳೆದು, ಕಪ್ಪು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಎರಡು ಮೂಳೆಗಳ ನಡುವೆ ಇರಬೇಕಾದ ಸಂದು ಇರಲಿಲ್ಲ.

“ಇದ್ನ ಎಲ್ಲಿ ಕಳೀತಾರೆ ಮಗ?”

ಅಮೃತ ನಗಲಿಲ್ಲ. ಪೆನ್ನಿನ ತುದಿಯಿಂದ ಆ ಹಾಳೆಯನ್ನು ಮುಟ್ಟಿದಳು. “ಇದನ್ನ ಎಲ್ಲೂ ಕೂಡಿಸೇ ಇಲ್ಲ ಚಿಕ್ಕಮ್ಮ. ಸಗಣಿ ಬಾಚಿದ್ದಕ್ಕೆ, ಹುಲ್ಲು ತಂದಿದ್ದಕ್ಕೆ ನಿಂಗೆ ಯಾರೂ ಕೂಲಿ ಕೊಡಲ್ವಲ್ಲ, ಅದು ಲೆಕ್ಕಕ್ಕೆ ಬರೋದೇ ಇಲ್ಲ. ಕೂಡಿಸದೇ ಇರೋದನ್ನ ಎಲ್ಲಿಂದ ಕಳೀತಾರೆ?”

ಅಡುಗೆಮನೆಯಿಂದ ಅಕ್ಕ ಕೂಗಿದಳು: “ಅವುಳ್ ತಲೆ ತಿನ್ಬೇಡ ಕಣೇ, ನೀನು ಓದ್ಕೋ.”

“ತಿನ್ಲಿ ಬುಡಕ್ಕ” ಎಂದಳು ಮಲ್ಲಿಗಮ್ಮ. “ಖಾಲಿ ಕೂತದೆ.”

ಔಷಧಿ ಮುಗಿಸಿಕೊಂಡು ಅವಳು ಮಳವಳ್ಳಿಯ ಬಸ್ಸು ಹತ್ತಿ, ಅಲ್ಲಿಂದ ಪೂರಿಗಾಲಿಗೆ ಬಂದು ಇಳಿದಾಗ ಪುಟ್ಟಸ್ವಾಮಿ ನಿಲ್ದಾಣದಲ್ಲೇ ನಿಂತಿದ್ದ. ಮುಖ ಅರಳಿತ್ತು. ಚೀಲ ತೆಗೆದುಕೊಂಡ. ಅವನು ಚೀಲ ತೆಗೆದುಕೊಂಡದ್ದೇ ಒಂದು ಸುದ್ದಿ.

“ನೀನಿಲ್ದಿದ್ರೂ ಆಲು ಜಾಸ್ತಿ ಆಗದೆ ಕಣಮ್ಮಿ! ಡೇರಿಯವ್ರೇ ಕೇಳುದ್ರು, ಏನ್ ಪುಟ್ಟಸ್ವಾಮಣ್ಣ, ಏನ್ ಬೂಸಾ ಆಕ್ತಿದ್ದೀಯಾ ಅಂತ. ಫ್ಯಾಟೂ ಏರದೆ. ನಿನ್ ಸೊಸೆ ಕೈಗುಣ ನೋಡು.”

ಮಲ್ಲಿಗಮ್ಮ ಮನೆಯ ಒಳಗೆ ಹೋಗಲಿಲ್ಲ. ಕಾಲೆಳೆದುಕೊಂಡು ನೇರ ಕೊಟ್ಟಿಗೆಗೆ ಹೋದಳು. ಕೆಂಪಿ ತಲೆ ಎತ್ತಿ ಅಂಬಾ ಎಂದಿತು. ಗಂಗೆ ಮೊಳಕೈಗೆ ನಾಲಗೆ ಚಾಚಿತು. ಮೂಲೆಯಲ್ಲಿ ಪುಟ್ಟಿ ನಿಂತಿತ್ತು. ಪಕ್ಕೆಯ ಎಲುಬುಗಳು ಒಂದೊಂದಾಗಿ ಕಾಣುತ್ತಿದ್ದವು. ಮೈಕೂದಲು ಒಣಗಿ ನಿಮಿರಿಕೊಂಡಿತ್ತು. ಅವಳನ್ನು ನೋಡಿ ಓಡಿ ಬರಲಿಲ್ಲ. ಗೋಡೆಯ ಸುಣ್ಣ ನೆಕ್ಕುತ್ತ ನಿಂತಿತ್ತು.

ಹಾಲು ಎಲ್ಲಿಂದ ಜಾಸ್ತಿ ಬಂತು ಎಂದು ಯಾರನ್ನೂ ಕೇಳಬೇಕಾಗಲಿಲ್ಲ.

ದೀಪಿಕ ಬೂಸಾದ ಬಕೆಟ್ಟು ಹಿಡಿದು ಬಂದವಳು ಅತ್ತೆಯ ಮುಖ ನೋಡಿ ಅಲ್ಲೇ ನಿಂತಳು. ಮದ್ದೂರಿನ ಹುಡುಗಿ, ಪೇಟೆಯಲ್ಲಿ ಬೆಳೆದವಳು, ಈ ಮನೆಗೆ ಬಂದ ಮೇಲೆ ಹಸು ಮುಟ್ಟಿದ್ದು.

“ಮಾವ ಹೇಳುದ್ರು ಅತ್ತೆ. ಕರೂಗೆ ಹುಲ್ಲು ತಿನ್ನೋ ವಯಸ್ಸಾಗಿದೆ, ನಾಕೂ ಕರಿ ಅಂದ್ರು. ಗೇಟ್‌ಗೆ ಅಡ್ವಾನ್ಸ್ ಕೊಡ್ಬೇಕು ಅಂತ. ನಾನು ಬೇಡ ಅನ್ನಕ್ಕಾಗ್ದೆ...”

“ಬುಡವ್ವ. ನಿನ್ ತಪ್ಪಲ್ಲ.”

ದೀಪಿಕ ಬಕೆಟ್ಟು ಕೆಳಗಿಟ್ಟು ನೆಟ್ಟಗಾಗುವಾಗ ಎಡಗೈಯಿಂದ ಸೊಂಟ ಒತ್ತಿ ಹಿಡಿದಳು. ಬಾಯಿಂದ ಸಣ್ಣಗೆ ಒಂದು ಉಸಿರು ಬಂತು. ಮಲ್ಲಿಗಮ್ಮ ಅದನ್ನು ನೋಡಿದಳು. ತನಗೆ ಮೊದಮೊದಲು ಬಂದ ನೋವೂ ಸರಿಯಾಗಿ ಅಲ್ಲೇ ಇತ್ತು, ಸೊಂಟದ ಎಡಕ್ಕೆ. ಮಂಡಿಗೆ ಇಳಿದದ್ದು ಆಮೇಲೆ.

“ಎಷ್ಟು ದಿಸದಿಂದ?”

“ಏನಿಲ್ಲ ಅತ್ತೆ. ನೀರು ಹೊತ್ತು ಹೊತ್ತು...” ಎಂದು ದೀಪಿಕ ನಕ್ಕಳು. “ಅಭ್ಯಾಸ ಆಗುತ್ತೆ.”

“ಆಯ್ತದೆ” ಎಂದಳು ಮಲ್ಲಿಗಮ್ಮ.

ಮಾರನೆಯ ಮಧ್ಯಾಹ್ನ ವಾಜಿದ್ ಬಂದ. ಮಳವಳ್ಳಿಯಲ್ಲಿ ಅವನದೊಂದು ಸಣ್ಣ ಅಂಗಡಿ. ಮೋಟರಿಗೆ ತಂತಿ ಸುತ್ತುವುದು, ಪೈಪು ಕೂರಿಸುವುದು, ರೈತರ ಯಂತ್ರಗಳನ್ನು ಮಾರುವುದು. ಗದ್ದೆಯ ಮೋಟರಿನ ಸ್ಟಾರ್ಟರು ಸುಟ್ಟಿತ್ತು, ಅದನ್ನು ಸರಿಮಾಡಿ ಕಾಫಿ ಕುಡಿಯಲು ಜಗಲಿಗೆ ಬಂದಿದ್ದ. ಕೊಟ್ಟಿಗೆಯ ಕಡೆಯಿಂದ ಮಚ್ಚಿನ ಸದ್ದು ಕೇಳುತ್ತಿತ್ತು. ದೀಪಿಕ ಹುಲ್ಲು ಕತ್ತರಿಸುತ್ತಿದ್ದಳು.

“ಇನ್ನೂ ಮಚ್ಚಲ್ಲೇ ಕತ್ತರಿಸ್ತಿದ್ದೀರಾ ಅಕ್ಕ? ಒಂದ್ ಮಿಷನ್ ಹಾಕ್ಸಿ. ಕಟ್ಟು ಒಳಗೆ ತಳ್ಳುದ್ರೆ ಪುಡಿಯಾಗಿ ಆ ಕಡೆ ಬೀಳುತ್ತೆ, ನಿಂತ್ಕಂಡೇ ಮಾಡಬಹುದು. ತೊಂಬೆಯಿಂದ ಒಂದು ಪೈಪ್ ಎಳುದ್ರೆ ಕೊಟ್ಟಿಗೇಲೇ ನಲ್ಲಿ. ಒಂದಿನದ ಕೆಲಸ.”

“ಏಯ್ ಸುಮ್ನಿರ್ಲಾ ವಾಜಿದು” ಎಂದ ಪುಟ್ಟಸ್ವಾಮಿ. “ವ್ಯಾಪಾರ ಮಾಡಕ್ ಬಂದ್ಬುಟ್ಟ. ಗಟ್ಟಿಮುಟ್ಟಾದ ಎಂಗುಸ್ರು ಇಬ್ರು ಅವ್ರೆ ಮನೇಲಿ, ಮಿಷನ್ ಯಾಕ್ಲಾ? ದಂಡದ ಖರ್ಚು.”

“ನನ್ನ ಹೆತ್ತ ಅಮ್ಮೀನೂ ಗಟ್ಟಿಮುಟ್ಟಾಗೇ ಇದ್ರು ಅಣ್ಣ. ರಹಮತ್ ಬೀ ಅಂದ್ರೆ ಬೀದೀಗೇ ಗೊತ್ತು, ರುಬ್ಬೋ ಕಲ್ಲನ್ನ ಒಬ್ರೇ ಎತ್ತಿಡೋರು. ನಾನು ಊರೋರ ಗದ್ದೆಗೆಲ್ಲಾ ಮೋಟರ್ ಕೂರ್ಸುದ್ಮೇಲೆ ಮನೇ ಕಲ್ಲಿಗೂ ಒಂದು ಕೂರ್ಸೋಣ ಅನ್ಕಂಡೆ. ಕೂರ್ಸೋ ಹೊತ್ಗೆ ಅವರ ಭುಜ ಹೋಗಿತ್ತು.” ವಾಜಿದ್ ಲೋಟ ಕೆಳಗಿಟ್ಟ. “ಈಗ ಮೋಟರ್ ರುಬ್ಬುತ್ತೆ, ಅಮ್ಮಿ ಪಕ್ದಲ್ಲಿ ಕೂತ್ಕಂಡು ನನ್ನ ಬೈತಾರೆ.”

ಪುಟ್ಟಸ್ವಾಮಿ ನಕ್ಕ. ಮಲ್ಲಿಗಮ್ಮ ನಗಲಿಲ್ಲ. ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಕೇಳಿದಳು, “ಒಂದ್ ಕಡಸಿನ ದುಡ್ಡಿಗೆ ಬತ್ತದಾ ಎಲ್ಲಾವ?”

“ಮಿಷನ್, ಪೈಪು, ನಲ್ಲಿ, ಎಲ್ಲಾ ಬಂದು ಇನ್ನೂ ಮಿಗುತ್ತೆ ಅಕ್ಕ.”

“ಕಡಸಿನ್ ದುಡ್ಡು ಬರಕ್ ಮುಂಚೇನೇ ಗೇಟಾಗದೆ” ಎಂದ ಪುಟ್ಟಸ್ವಾಮಿ. “ಶಿವರಾಮು ನಾಳೆ ಬೆಳಿಗ್ಗೆ ಎಂಟು ಗಂಟೆಗೆ ಟೆಂಪೋ ತತ್ತಾನೆ. ಅಮ್ಮಿ, ಸೀರೆ ಒಂದ್ ಒಳ್ಳೇದ ಉಟ್ಕೋ, ಅಗ್ಗ ಕೊಡುವಾಗ.”

ಮಾರನೆಯ ದಿನ ಮಲ್ಲಿಗಮ್ಮ ಎಂದಿನ ಹೊತ್ತಿಗೇ ಎದ್ದಳು. ಬಚ್ಚಲ ಒಲೆಗೆ ಮಟ್ಟೆ ತುರುಕಿದಳು. ಬೆಂಕಿ ಹತ್ತಿತು. ಸಗಣಿ ಬಾಚುವುದಕ್ಕೆ ದೀಪಿಕ ಏಳುವ ಮೊದಲೇ ಹೋಗಿ, ಬಗ್ಗಲಾರದೆ ಸಲಿಕೆಯಿಂದ ಒಂದು ಮೂಲೆಗೆ ತಳ್ಳಿದಳು. ಕೊಟ್ಟಿಗೆಯ ಮಂಕಾದ ಬಲ್ಬಿನ ಕೆಳಗೆ ಮೂರು ದನಗಳೂ ಅವಳ ಕಡೆ ನೋಡುತ್ತಿದ್ದವು. ಅವುಗಳಿಗೆ ಇದು ಎಲ್ಲ ದಿನಗಳಂಥದೇ ಇನ್ನೊಂದು ದಿನ.

ಗಂಗೆಯ ಕೊರಳಿನ ಹಗ್ಗ ಹೊಸದು. ಅವಳೇ ತಂದು ಕಟ್ಟಿದ್ದು.

ಕೊಡದೆ ಇರಬಹುದಿತ್ತು. ಅದನ್ನೇ ಅಂದುಕೊಂಡು ಮಂಡ್ಯದಿಂದ ಬಂದಿದ್ದಳು. ಎಂಟು ಗಂಟೆಗೆ ಬಾಗಿಲ ಹಿಂದೆ ಕುಳಿತುಬಿಟ್ಟರೆ, ಹಗ್ಗ ಬಿಚ್ಚದಿದ್ದರೆ, ಶಿವರಾಮು ದನ ಮುಟ್ಟುವುದಿಲ್ಲ. ಗಂಗೆ ಉಳಿಯುತ್ತದೆ. ಹಬ್ಬ ಕಳೆದು ಕರು ಹಾಕುತ್ತದೆ. ಆಮೇಲೆ ಕರೆಯುವುದಕ್ಕೆ ಎರಡು ಹಸು, ಬಾಚುವುದಕ್ಕೆ ಎರಡರಷ್ಟು ಸಗಣಿ, ತರುವುದಕ್ಕೆ ಎರಡು ಹೊರೆ ಹುಲ್ಲು, ತೊಂಬೆಗೆ ಎರಡರಷ್ಟು ನಡಿಗೆ. ಊರವರು ಪುಟ್ಟಸ್ವಾಮಿಯ ಕೊಟ್ಟಿಗೆ ಬೆಳೆಯಿತು ಅನ್ನುತ್ತಾರೆ. ಅದನ್ನು ಹೊರುವುದು ತನ್ನ ಮಂಡಿ ಅಲ್ಲ, ಅದು ಮುಗಿಯಿತು, ದೀಪಿಕಳ ಸೊಂಟ. ಇಷ್ಟು ವರ್ಷ ಕೊಟ್ಟಿಗೆಗೆ ಒಂದು ದನ ಬಂದಾಗಲೆಲ್ಲ ತನ್ನ ದಿನ ಉದ್ದವಾಗಿತ್ತು. ಮಾರಿದಾಗಲೂ ಗಿಡ್ಡವಾಗಿರಲಿಲ್ಲ.

ಕೊಡಬಹುದಿತ್ತು, ಮೂರು ಸಲ ಕೊಟ್ಟಂತೆ. ಒಳ್ಳೆಯ ಸೀರೆ ಉಟ್ಟು, ಕಣ್ಣಿಗೊತ್ತಿಕೊಂಡು, ದಾಟಿಸಿ. ಆಗ ಮನೆಯ ಮುಂದೆ ಎರಡು ಕುದುರೆ ತಲೆಗಳು ಬರುತ್ತಿದ್ದವು. ಅವಕ್ಕೆ ಹುಲ್ಲು ಹಾಕಬೇಕಾಗಿರಲಿಲ್ಲ ಅನ್ನುವುದೊಂದೇ ಸಮಾಧಾನ.

ಮಲ್ಲಿಗಮ್ಮ ಗಂಗೆಯ ಹಣೆಗೆ ಹಣೆ ತಾಗಿಸಿ ಸ್ವಲ್ಪ ಹೊತ್ತು ನಿಂತಳು. ಗಂಗೆಯ ಉಸಿರಿನಲ್ಲಿ ಹುಲ್ಲಿನ ವಾಸನೆ ಇತ್ತು. “ನಮ್ಮೂರ್ ಕಡೀಕೇ ಓಯ್ತಾ ಇದ್ದೀಯಾ. ನಾನ್ ಬಂದ ದಾರೀಲೇ ವಾಪಸ್ಸು” ಎಂದಳು. “ಶಿವರಾಮು ಎಡ್ತಿ ಒಳ್ಳೇವ್ಳಂತೆ. ಒಂದ್ ಮೊಲೆ ಬುಡು ಅಂತ ಅವ್ಳಿಗೆ ನಾನೇ ಯೋಳಿ ಕಳುಸ್ತೀನಿ.” ಗಂಗೆ ಅವಳ ಮೊಳಕೈ ನೆಕ್ಕಿತು.

ಮೂಲೆಯಲ್ಲಿ ಪುಟ್ಟಿ ಕಣ್ಣಿಯನ್ನು ಎಳೆಯುತ್ತಿತ್ತು. ಮಲ್ಲಿಗಮ್ಮ ಅದನ್ನು ಬಿಚ್ಚಿ ತಾಯಿಯ ಹತ್ತಿರ ಬಿಟ್ಟಳು. ಅಭ್ಯಾಸದಂತೆ ಕುಕ್ಕರುಗಾಲಿಗೆ ಮಡಿಯಲು ಹೋದ ಮಂಡಿಯನ್ನು ತಡೆದು, ಒಂದು ಹಳೆಯ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕುಳಿತಳು. ಎತ್ತರ ಸರಿಯಾಗಲಿಲ್ಲ, ಬೆನ್ನು ಬಗ್ಗಿಸಬೇಕಾಯಿತು. ಆದರೂ ಮೂರು ಮೊಲೆ ಕರೆದಳು. ನಾಲ್ಕನೆಯದಕ್ಕೆ ಕರುವಿನ ಮೂತಿಯನ್ನು ತಾನೇ ಹಿಡಿದು ಕೂಡಿಸಿದಳು. ಪುಟ್ಟಿ ಮೊದಲು ನಂಬಲಿಲ್ಲ. ಆಮೇಲೆ ಬಾಲ ಎತ್ತಿ, ಕೆಚ್ಚಲಿಗೆ ಗುದ್ದಿ ಗುದ್ದಿ ಕುಡಿಯಿತು.

ಅದು ಕುಡಿಯುವುದನ್ನು ನೋಡುತ್ತ ಮಲ್ಲಿಗಮ್ಮ ಸೊಂಟಕ್ಕೆ ಸಿಕ್ಕಿಸಿದ್ದ ಮೊಬೈಲು ತೆಗೆದಳು.

“ಹಲೋ ವಾಜಿದು. ಎದ್ದಿದ್ದೀಯಾ?”

“ನಮಾಜ್ ಮುಗಿಸ್ಕಂಡು ಈಗ ಬಂದೆ ಅಕ್ಕ. ಮೋಟರ್ ಮತ್ತೆ ನಿಂತೋಯ್ತಾ?”

“ಮೋಟ್ರು ಓಡ್ತದೆ. ಆ ಉಲ್ಲಿನ್ ಮಿಷನ್ ಯೋಳ್ದಲ್ಲ, ಅದ್ನ ಗಾಡಿಗೆ ಆಕ್ಕೊ. ಪೈಪು, ನಲ್ಲಿ, ಎಲ್ಲಾವ ತಕಂಡು ಎಂಟ್ ಗಂಟೆಗೆ ಬಾ.”

“ಪುಟ್ಟಸ್ವಾಮಣ್ಣ ಒಪ್ಕಂಡ್ರಾ?”

“ಅವುರ್ನ ಕೇಳಿಲ್ಲ. ಅಗ್ಗ ಕೊಡೋಳು ನಾನು. ದುಡ್ಡು ನನ್ ಕೈಗೆ ಬೀಳ್ತದೆ. ಅಲ್ಲಿಂದ ನೀನು ಈಸ್ಕೊ.”

“ಅಕ್ಕ, ಆಮೇಲೆ ಜಗಳ ಗಿಗಳ...”

“ಆದ್ರೆ ಆಯ್ತದೆ. ಮಿಕ್ಕಿದ್ರಲ್ಲಿ ತಗಡಿನ್ ಗೇಟು ಆಕ್ಸಿ ಕೊಡ್ತೀನಿ ಬುಡು ಅವುರ್ಗೆ. ನೀನು ತಡ ಮಾಡ್ಬೇಡ.”

ಮೊಬೈಲನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿದಳು. ಹೊಟ್ಟೆ ತುಂಬಿದ ಪುಟ್ಟಿಯ ಮೂತಿಯ ನೊರೆಯನ್ನು ಸೆರಗಿನಿಂದ ಒರೆಸಿದಳು. ಗೊಂತಿನಿಂದ ಗಂಗೆಯ ಹಗ್ಗವನ್ನು ಬಿಚ್ಚಿ, ಅದರ ತುದಿಯನ್ನು ತನ್ನ ಬಲಗೈಗೆ ಎರಡು ಸುತ್ತು ಸುತ್ತಿಕೊಂಡು, ಗಂಗೆಯನ್ನು ಹಿತ್ತಲ ಬಾಗಿಲಿನ ಕಂಬದ ಹತ್ತಿರಕ್ಕೆ ನಡೆಸಿ ತಂದಳು. ಅಲ್ಲಿಂದ ಅಡುಗೆಮನೆಯ ಒಲೆಗೆ ಕೈ ಎಟಕುತ್ತಿತ್ತು.

ಎಡಗೈಯಲ್ಲೇ ಕಾಫಿಗೆ ಇಟ್ಟಳು. ಶೀಟಿನ ಸಂದಿಯಿಂದ ಬೆಳಕು ಬೀಳತೊಡಗಿತು. ಹಾಲಿನ ಕ್ಯಾನು ಬಾಗಿಲಲ್ಲಿ ಕಾಯುತ್ತಿತ್ತು, ನಿನ್ನೆಗಿಂತ ಕಡಿಮೆ ತುಂಬಿ. ಕಾಫಿ ಉಕ್ಕಿತು. ಇಳಿಸಿದಳು. ಒಂದು ಲೋಟಕ್ಕೆ ಬಗ್ಗಿಸಿಕೊಂಡು, ಹಗ್ಗ ಸುತ್ತಿದ ಕೈಯನ್ನು ತೊಡೆಯ ಮೇಲಿಟ್ಟು, ಹೊಸಿಲ ಮೇಲೆ ಕಾಲು ನೀಡಿ ಕುಳಿತು ಕುಡಿಯತೊಡಗಿದಳು.

ಗಂಡನನ್ನು ಎಬ್ಬಿಸಲಿಲ್ಲ.